ಅಮ್ಮನ ಎಲೆ

ಭಾನುವಾರ, 12 ಸೆಪ್ಟೆಂಬರ್ 1999

ಹೀಗೆ ಬರೆಯಲು ಕೂತಿದ್ದಕ್ಕೆ ಮೊದಲೇ ‘ಸಾರಿ’ ಹೇಳಿಬಿಡುತ್ತೇನೆ. ಯಾರಿಗೆ ಅಂತ ಗೊತ್ತಿಲ್ಲ. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲಿ ಇದ್ದವನಿಗೆ, ಬರೆದದ್ದನ್ನೆಲ್ಲ ಯಾರೋ ಒಬ್ಬರು ಓದಿಯೇ ಓದುತ್ತಾರೆ ಎಂಬ ಹೆದರಿಕೆ ಹೋಗುವುದಿಲ್ಲ. ನಮ್ಮ ಕಾಗದಗಳನ್ನು ವಾರ್ಡನ್ ಓದಿದ ಮೇಲೇ ಕವರಿಗೆ ಹಾಕುತ್ತಿದ್ದರು. ಇದನ್ನು ಯಾರೂ ಓದುವುದಿಲ್ಲ. ಆದರೂ ಸಾರಿ. ಬರೆಯುವಂಥದ್ದು ಏನೂ ನಡೆದಿಲ್ಲ. ಇಂಗ್ಲಿಷಿನಲ್ಲಿ ಎರಡು ಸಲ ಶುರು ಮಾಡಿದೆ. ‘ಮೈ ಮದರ್’ ಅಂದ ಕೂಡಲೇ ಅದು ಪರೀಕ್ಷೆಯ ಎಸ್ಸೇ ಆಗಿಬಿಟ್ಟಿತು. ಅದಕ್ಕೇ ಕನ್ನಡ.

ಕಾಲೇಜಿನಲ್ಲಿ ಓಟಿನ ಪೆಟ್ಟಿಗೆಗಳನ್ನು ತಂದಿಟ್ಟಿದ್ದಾರೆ. ಎಣಿಕೆ ಮುಗಿಯುವ ತನಕ ಕ್ಲಾಸಿಲ್ಲ, ಹಾಸ್ಟೆಲ್ಲೂ ಖಾಲಿ ಮಾಡಿ ಅಂದರು. ಹಾಸನದಿಂದ ಸಕಲೇಶಪುರ, ಅಲ್ಲಿಂದ ವನಗೂರಿನ ಬಸ್ಸು, ಕೊನೆಗೆ ಯಾರದೋ ಜೀಪು. ದಾರಿಯುದ್ದಕ್ಕೂ ಚಿಂತೆ ಮಾಡುತ್ತಿದ್ದೆ. ಕೆಮಿಸ್ಟ್ರಿ ಟೆಸ್ಟು ಹೋಯಿತು, ಫಿಸಿಕ್ಸ್ ರೆಕಾರ್ಡ್ ಬರೆದಿಲ್ಲ, ಮೊದಲನೇ ವರ್ಷವೇ ಹೀಗಾದರೆ ಮುಂದೇನು ಎಂದು. ಅಮ್ಮನ ಬಗ್ಗೆ ಅಲ್ಲ. ಅಮ್ಮ ಜುಲೈನಲ್ಲಿ ಹೋದಳು. ಕಾಮಾಲೆ. ನಾನು ಬರುವ ಹೊತ್ತಿಗೆ ಅವಳಿಗೆ ಮಾತು ನಿಂತಿತ್ತು. ನಾನು ಅತ್ತಿಲ್ಲ. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಿಲ್ಲ, ಸುಮ್ಮನೆ ಬರೆದಿಡುತ್ತೇನೆ.

ಊಟವಾದ ಮೇಲೆ ಅಜ್ಜಿ ಕರೆದಳು. ಬೆಟ್ಟಮ್ಮ, ನನ್ನ ಅಪ್ಪನ ತಾಯಿ. ಎರಡೂ ಕಣ್ಣಿಗೆ ಪೊರೆ ಬಂದು ಈಗ ಬೆಳಕು ಮಾತ್ರ ಕಾಣುತ್ತದಂತೆ.

“ಲೇ ಯೋಗಿ, ಪಕ್ಷದ ಅಮಾಸೆ ಹತ್ರ ಬಂತು. ನಿಮ್ಮವ್ವಂದು ಮೊದಲ್ನೇ ಎಡೆ. ಅವ್ಳಿಗೇನು ಇಷ್ಟವೋ ಅದ್ನೇ ಮಾಡಿ ಇಕ್ಬೇಕು. ಏನಂತ ನೀನೇ ಹೇಳ್ಬೇಕು.”

“ನಾನ್ಯಾಕಜ್ಜಿ?”

“ಮಗ ಅಲ್ವೇನೋ. ಇನ್ಯಾರನ್ನ ಕೇಳ್ಲಿ, ಬಸ್ ಕಂಡಕ್ಟರ್‌ನ?”

ನನಗೆ ಸುಲಭದ ಪ್ರಶ್ನೆ ಬಂತು ಅನ್ನಿಸಿತು. ಕಡುಬು, ಕೋಳಿಸಾರು. ನಾನು ರಜೆಗೆ ಬಂದಾಗಲೆಲ್ಲ ಅಮ್ಮ ಮಾಡುತ್ತಿದ್ದದ್ದು ಅದೇ.

ಮಂಗಳವಾರ, 14 ಸೆಪ್ಟೆಂಬರ್

ಮಹಾಲಯ ಅಮಾವಾಸ್ಯೆಯ ದಿನ ನಮ್ಮ ಮನೆಯಲ್ಲಿ ತೀರಿಹೋದವರಿಗೆಲ್ಲ ನಡುಮನೆಯಲ್ಲಿ ಸಾಲಾಗಿ ಬಾಳೆಲೆ ಹಾಸುತ್ತಾರೆ. ಅವರವರಿಗೆ ಇಷ್ಟವಾದದ್ದನ್ನು ಬಡಿಸಿ, ಧೂಪ ಹಾಕಿ, ಬಾಗಿಲು ಮುಂದೆ ಮಾಡಿಕೊಂಡು ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವರು ಉಂಡು ಹೋದ ಮೇಲೇ ನಮಗೆ ಊಟ. ತಾತನ ಎಲೆಗೆ ಒಣಮೀನು, ಪಕ್ಕದಲ್ಲಿ ಒಂದು ಕಟ್ಟು ಬೀಡಿ. ತಾತನ ಅಕ್ಕನಿಗೆ ಹೊಗೆಸೊಪ್ಪಿನ ಕಡ್ಡಿಪುಡಿ. ತಾತನ ಅಪ್ಪನಿಗೆ ಕಾಡುಹಂದಿ ಆಗಬೇಕಿತ್ತಂತೆ, ಈಗ ಕೋಳಿಗೇ ಒಪ್ಪಿಕೊಂಡಿದ್ದಾನೆ. ನಾನು ಹುಟ್ಟುವುದಕ್ಕೂ ಮುಂಚೆ ಸತ್ತವರ ನಾಲಗೆ ಕೂಡ ನಮಗೆ ಬಾಯಿಪಾಠ.

ಅಪ್ಪ ಕಾಫಿಗಿಡಕ್ಕೆ ಔಷಧಿ ಹೊಡೆಸುತ್ತಿದ್ದರು. ಮೈಲುತುತ್ತದ ನೀಲಿ ಅವರ ಕೈಮೇಲೆಲ್ಲ ಒಣಗಿತ್ತು.

“ಅಪ್ಪ, ಅಮ್ಮಂಗೆ ಊಟಕ್ಕೆ ಏನಿಷ್ಟ ಇತ್ತು?”

“ಎಲ್ಲ ತಿಂತಿದ್ಲು ಕಣೋ.”

“ಅದ್ರಲ್ಲಿ ಯಾವ್ದು ಜಾಸ್ತಿ?”

ಅಪ್ಪ ಪಂಪಿನ ಪೈಪು ಬಿಡಿಸುತ್ತಾ ಯೋಚನೆ ಮಾಡಿದರು. “ಕೋಳಿಸಾರು ಬೊಂಬಾಟಾಗಿ ಮಾಡ್ತಿದ್ಲು ಮಾರಾಯ.”

ನಾನು ಕೇಳಿದ್ದು ಅದಲ್ಲ ಎಂದು ಮನೆಗೆ ಬಂದ ಮೇಲೆ ಹೊಳೆಯಿತು.

ಈಗ ಅಡುಗೆಗೆ ಪಕ್ಕದ ಮನೆಯ ಚೆಲುವಮ್ಮ ಬಂದು ಹೋಗುತ್ತಾಳೆ. ಅಜ್ಜಿಗೂ ಅವಳಿಗೂ ದಿನಾ ಜಟಾಪಟಿ ಆಗುತ್ತದೆ.

“ಇದೇನೇ ಚೆಲುವಿ, ಸಾರೋ, ಕೈ ತೊಳೆದ ನೀರೋ?”

“ಕಣ್ಣು ಕಾಣಲ್ಲ ಅಂತೀಯ, ಬಣ್ಣ ಹೆಂಗೆ ಕಾಣ್ತು ನಿಂಗೆ?”

“ನಾಲ್ಗೆಗೆ ಪೊರೆ ಬಂದಿಲ್ಲ ಕಣೇ ನಂಗೆ.”

ನಗು ಬಂತು. ಆಮೇಲೆ, ನಕ್ಕಿದ್ದು ಅಪ್ಪನಿಗೆ ಕೇಳಿಸಿತೇನೋ ಎಂದು ಸುಮ್ಮನಾದೆ.

ಶುಕ್ರವಾರ, 17 ಸೆಪ್ಟೆಂಬರ್

ಎಡೆಯ ಅಡುಗೆ ನಾನೇ ಮಾಡುತ್ತೇನೆ ಅಂದೆ. ಚೆಲುವಮ್ಮನ ಕೈಯ ಸಾರು ಕುಡಿದು ಅಮ್ಮ ವಾಪಸ್ ಹೋಗುವುದು ಬೇಡ. ಇವತ್ತು ಪ್ರಾಕ್ಟೀಸಿಗೆ ಕೋಳಿಸಾರು ಮಾಡಿದೆ.

ನನಗೆ ಬರುತ್ತದೆ ಎಂದುಕೊಂಡಿದ್ದೆ. ರಜೆಯಲ್ಲೆಲ್ಲ ಒಲೆಯ ಮುಂದೆ ಮಣೆ ಹಾಕಿಕೊಂಡು ನೋಡಿದವನು. ಕೊತ್ತಂಬರಿ ಬೀಜ, ಚಕ್ಕೆ, ಲವಂಗ, ಮೆಣಸು, ಎಲ್ಲ ಬೇರೆ ಬೇರೆ ಹುರಿಯಬೇಕು. ಮೆಣಸು ಕೊನೆಗೆ. ಅದು ಚಟ್ ಅಂದದ್ದು ಕೇಳಿಸಿದರೆ ಸಾಕು, ಬಾಣಲೆ ಇಳಿಸಬೇಕು. ಈರುಳ್ಳಿ, ಬೆಳ್ಳುಳ್ಳಿ ಕೆಂಡದಲ್ಲಿ ಸುಟ್ಟು ಸಿಪ್ಪೆ ತೆಗೆದು, ತೆಂಗಿನಕಾಯಿ ಜೊತೆ ನುಣ್ಣಗೆ ರುಬ್ಬಬೇಕು. ಕೋಳಿಗೆ ಅರಿಶಿನ ಹಾಕಿ ಮುಚ್ಚಿದರೆ ಅದೇ ನೀರು ಬಿಡುತ್ತದೆ, ಆ ನೀರು ಆರುವ ತನಕ ಮಸಾಲೆ ಹಾಕಬಾರದು. ಎರಡನೇ ಕುದಿ ಬಂದಾಗ ಅಮ್ಮ ಕಣ್ಣು ಮುಚ್ಚಿ ಹಬೆಯ ಮೇಲೆ ಬಾಗುತ್ತಿದ್ದಳು. ಆಮೇಲೆ, “ಯೋಗೀ, ಬಾ, ಉಪ್ಪು ನೋಡು.” ಅಂಗೈ ಮೇಲೆ ಸೌಟಿನಿಂದ ಒಂದು ತೊಟ್ಟು. ನೆಕ್ಕಿ ‘ಸಾಕು’ ಅಂದರೆ ಪಾತ್ರೆ ಇಳಿಸುತ್ತಿದ್ದಳು, ‘ಬೇಕು’ ಅಂದರೆ ಎರಡು ಹರಳು. ಹಾಸ್ಟೆಲ್ಲಿನಿಂದ ಬಂದ ಮಗ ಎಂದು ಮುದ್ದು ಮಾಡುತ್ತಾಳೆ ಅಂದುಕೊಂಡಿದ್ದೆ.

ನಾನು ಇವತ್ತು ರುಚಿ ನೋಡಲಿಲ್ಲ. ಎಡೆಯ ಅಡುಗೆ ಹಿರಿಯರು ಉಣ್ಣುವ ಮುಂಚೆ ಎಂಜಲಾಗಬಾರದಂತೆ, ಅದಕ್ಕೆ ಅಭ್ಯಾಸವೂ ಹಾಗೇ ಆಗಲಿ ಎಂದು. ಆದರೆ ಉಪ್ಪು ಹಾಕಿದೆನೋ ಇಲ್ಲವೋ ಎಂಬ ಟೆನ್ಷನ್ನಿನಲ್ಲಿ ಎರಡು ಸಲ ಹಾಕಿಬಿಟ್ಟೆ.

ಅಪ್ಪ ಉಂಡು ಎರಡು ಚೊಂಬು ನೀರು ಕುಡಿದರು. ಅಜ್ಜಿ ಬಿಡಲಿಲ್ಲ.

“ಏನ್ಲಾ, ಘಾಟಿ ಇಳಿದು ಸಮುದ್ರನೇ ಹೊತ್ಕಂಡು ಬಂದ್ಯಾ?”

“ಅಮ್ಮನೂ ರುಚಿ ನೋಡ್ತಿರ್ಲಿಲ್ವಲ್ಲಜ್ಜಿ. ಆದ್ರೂ ಸರಿ ಇರ್ತಿತ್ತು.”

“ಅವ್ಳು ನೋಡ್ತಿರ್ಲಿಲ್ಲ, ನಿನ್ ಕೈಲಿ ನೋಡುಸ್ತಿದ್ಲು. ನೀನಿಲ್ದಾಗ ನನ್ ಕೈಲಿ.”

“ಯಾಕೆ?”

“ಯಾಕೆ ಅಂದ್ರೆ? ತಿನ್ನೋಳೇ ಅಲ್ವಲ್ಲೋ ಅವ್ಳು.”

“ಏನನ್ನ?”

“ಮಾಂಸನ ಕಣೋ. ಬಾಯಿಗಿಕ್ತಿರ್ಲಿಲ್ಲ. ಅವ್ರ ಜನ ತಿನ್ನಲ್ವಲ್ಲ.”

ಅಪ್ಪ ಚೊಂಬು ಕೆಳಗಿಟ್ಟರು. “ಸುಮ್ಕಿರವ್ವ. ತಿಂತಿದ್ಲು.”

“ನೀನ್ ಯಾವಾಗ ಕಂಡಿದ್ದೆ?”

ಅಪ್ಪ ಕೈ ತೊಳೆಯಲು ಎದ್ದು ಹೋದರು. ಬಹಳ ಹೊತ್ತು ತೊಳೆದರು.

ಶನಿವಾರ, 18 ಸೆಪ್ಟೆಂಬರ್

ಅಮ್ಮನ ಕಡೆಯವರು ಆಲೂರಿನ ಶೈವರು, ಜವಳಿ ಅಂಗಡಿ ಇಟ್ಟವರು. ವನಗೂರಿನ ಒಕ್ಕಲಿಗರ ಹುಡುಗನನ್ನು ಮದುವೆಯಾದಳೆಂದು ಅವರು ಮತ್ತೆ ಈ ಕಡೆ ಬರಲಿಲ್ಲ. ಇದೆಲ್ಲ ನನಗೆ ಗೊತ್ತಿತ್ತು. ಜನರಲ್ ನಾಲೆಜ್ ಗೊತ್ತಿರುವ ಹಾಗೆ ಗೊತ್ತಿತ್ತು.

ಬೆಳಿಗ್ಗೆಯಿಂದ ಅಮ್ಮ ಊಟ ಮಾಡುತ್ತಿರುವುದನ್ನು ನೆನಪು ಮಾಡಿಕೊಳ್ಳಲು ನೋಡುತ್ತಿದ್ದೇನೆ. ಬಡಿಸುವುದು ಬರುತ್ತದೆ, ಪಾತ್ರೆ ಕೆರೆಯುವುದು ಬರುತ್ತದೆ, ಒಲೆಯ ಬೂದಿ ತೆಗೆಯುವುದು ಬರುತ್ತದೆ. ಕೂತು ಉಣ್ಣುವುದು ಬರುವುದಿಲ್ಲ.

ಇನ್ನೇನು ಬರೆಯಲಿ.

ಬುಧವಾರ, 22 ಸೆಪ್ಟೆಂಬರ್

ಕುಳ್ಳಯ್ಯ ದೊಡ್ಡಪ್ಪ ಬಂದಿದ್ದರು. ಅಪ್ಪನ ಅಣ್ಣ. ಮನೆಗೆ ಹಿರಿಯರಾದ್ದರಿಂದ ಎಡೆಗೆ ಧೂಪ ಹಾಕುವುದು ಪ್ರತಿ ವರ್ಷ ಅವರೇ. ನಾನು ಒಲೆ ಮುಂದೆ ಕಡುಬು ಕಟ್ಟುತ್ತಿದ್ದೆ.

“ಏನೋ ಯೋಗಾನಂದ, ಬಿ.ಎಸ್ಸಿ. ಓದಕ್ಕೆ ಅಂತ ಹೋಗಿ ಅಡುಗೆ ಭಟ್ಟ ಆಗ್ಬುಟ್ಟು ಬಂದ್ಯಾ?”

“ಅಮ್ಮನ ಎಡೆಗೆ ಕಲೀತಿದೀನಿ ದೊಡ್ಡಪ್ಪ.”

“ಅವ್ಳ ಎಡೆಗೆ ಏನ್ ಕಲಿಯೋದೈತೆ? ಒಂದು ಮುದ್ದೆ ಅನ್ನ, ಮೇಲೊಂದಿಷ್ಟು ಮೊಸರು. ಒಂದ್ ಬದೀಲಿ, ಆ ಕಿಟ್ಕಿ ಹತ್ರ ಬೇರೆ ಎಲೆ ಹಾಕುದ್ರಾಯ್ತು.” ಆಮೇಲೆ ಅಪ್ಪನ ಕಡೆ ತಿರುಗಿ, “ನಾನೇನು ಕೆಟ್ಟದ್ದು ಹೇಳ್ತಿಲ್ಲ ಕಣಪ್ಪ. ಮೀನು ಮಾಂಸದ ಸಾಲಲ್ಲಿ ಅವ್ಳನ್ನ ಕೂರ್ಸಕ್ಕಾಗುತ್ತಾ? ಅವ್ರದ್ದೇ ಬೇರೆ, ನಮ್ದೇ ಬೇರೆ. ಅವತ್ತೂ ಹೇಳಿದ್ದೆ.”

ಅಪ್ಪನ ಮುಖ ನಾನು ನೋಡಲಿಲ್ಲ, ಕಡುಬು ನೋಡುತ್ತಿದ್ದೆ. ಅವರ ದನಿ ಮಾತ್ರ ಕೇಳಿಸಿತು, ಮೆತ್ತಗೆ.

“ಈ ಮನೆ ಸೊಸೆ ಅವ್ಳು. ಅಪ್ಪಯ್ಯನ ಪಕ್ಕದ ಎಲೆ ಅವ್ಳಿಗೆ. ಎಲ್ಲಾರ್ಗೂ ಏನಿಕ್ತೀವೋ ಅದೇ ಅವ್ಳಿಗೂ. ಬೇರೆ ಎಲೆ ಹಾಕುದ್ರೆ ಇವತ್ತೂ ಹೊರಗಿನೋಳು ಅಂದಂಗೆ.”

“ಅದೇ ಇಕ್ಕುದ್ರೆ ಅವ್ಳು ಮುಟ್ತಾಳೇನೋ?”

“ಮುಟ್ತಾಳೆ. ನಿನ್ ಮನೇಲೇ ತಿಂದಿಲ್ವಾ, ಮದ್ವೆ ಆದ ವರ್ಷ? ಎಲ್ಲಾರ ಮುಂದೆ?”

ದೊಡ್ಡಪ್ಪ ಲೋಟ ಎತ್ತಿದರು. ಕಾಫಿ ಕುಡಿದು ಹೊರಟರು. ಹೋಗುವಾಗ ಒಂದು ಕಡುಬು ಕೈಗೆತ್ತಿಕೊಂಡು, “ಚೆನ್ನಾಗಿ ಕಟ್ಟಿದೀಯ ಕಣೋ, ಬುಡು,” ಅಂದರು. ಅದು ನಿಜವಾದ ಮಾತು ಅನ್ನಿಸಿತು.

ಬೇರೆ ಎಲೆ ಹಾಕಿದರೆ ಅಮ್ಮ ಈ ಮನೆಯವಳಲ್ಲ ಎಂದಾಗುತ್ತದೆ. ಹಾಕದಿದ್ದರೆ ಅಮ್ಮ ಉಪವಾಸ ಹೋಗುತ್ತಾಳೆ. ನಾನು ಇದನ್ನು ಆ ಕಡೆಯಿಂದ ಈ ಕಡೆಯಿಂದ ಯೋಚಿಸಿದೆ. ಹಿರಿಯರು ಬಂದು ಉಣ್ಣುತ್ತಾರೆ ಎಂದು ನಾನು ನಂಬುತ್ತೇನೋ ಇಲ್ಲವೋ ಎಂದು ಯೋಚಿಸಲು ಮರೆತೇಬಿಟ್ಟೆ.

ಶನಿವಾರ, 25 ಸೆಪ್ಟೆಂಬರ್

ಮಾಂಸವಿಲ್ಲದ್ದು ಏನೇನು ಮಾಡುತ್ತಿದ್ದಳು ಎಂದು ಒಂದೊಂದೇ ಮಾಡಿ ನೋಡುತ್ತಿದ್ದೇನೆ. ಮೊನ್ನೆ ಕೆಸುವಿನ ಎಲೆಯ ಪತ್ರೊಡೆ ಮಾಡಿದೆ. ಹುಣಸೆಹಣ್ಣು ಕಡಿಮೆಯಾಗಿ ಗಂಟಲು ಕೆರೆಯಿತು. ನಿನ್ನೆ ಕಳಲೆ ತಂದೆ. ಬಿದಿರಿನ ಆ ಮೊಳಕೆಯನ್ನು ಹೆಚ್ಚಿ ದಿನಾ ನೀರು ಬದಲಾಯಿಸುತ್ತ ನೆನೆಹಾಕಬೇಕೆಂದು ನನಗೆ ಗೊತ್ತೇ ಇರಲಿಲ್ಲ. ನಾನು ಬರುವ ಹೊತ್ತಿಗೆ ಅದು ಯಾವಾಗಲೂ ಪಲ್ಯವಾಗಿ ಬಾಣಲೆಯಲ್ಲಿರುತ್ತಿತ್ತು. ಹಾಗಾದರೆ ನಾನು ಬಸ್ಸು ಹತ್ತುವುದಕ್ಕೂ ಮುಂಚೆಯೇ ಅವಳು ಶುರು ಮಾಡಿರಬೇಕು. ಚೆಲುವಮ್ಮ ಸಮಯಕ್ಕೆ ಬಂದು ಪಾತ್ರೆ ಕಿತ್ತುಕೊಂಡಳು.

“ಹಂಗೇ ಬೇಯ್ಸಿದ್ರೆ ವಿಷ ಕಣಪ್ಪೋ! ನಿಮ್ಮವ್ವನ ಎಡೆ ಪಕ್ಕದಲ್ಲೇ ನಿನ್ಗೂ ಒಂದು ಎಲೆ ಹಾಕ್ಬೇಕಾಯ್ತದೆ.”

“ಅಮ್ಮಂಗೆ ಇದು ಇಷ್ಟ ಇತ್ತಾ ಚೆಲುವಮ್ಮ?”

“ಇದಾ? ಇದನ್ನ ಅವ್ಳು ಇಲ್ಲಿಗೆ ಬಂದ ಮೇಲೇ ಕಂಡಿದ್ದು. ಬೆಟ್ಟಮ್ಮಕ್ಕನೇ ಕಲ್ಸಿದ್ದು. ಕೆಸ, ಕಳಲೆ, ಅಣಬೆ, ಕಡುಬು, ಎಲ್ಲಾನೂವೆ. ಆಮೇಲೆ ನಮ್ಮೂರಲ್ಲಿ ಅವ್ಳ ಕೈ ಮುಂದೆ ಯಾರೂ ನಿಲ್ಲಂಗಿರ್ಲಿಲ್ಲ ಬುಡು.”

“ಅವಳ ಊರಿನದು ಏನೂ ಮಾಡ್ತಿರ್ಲಿಲ್ವಾ?”

ಚೆಲುವಮ್ಮ ಕಳಲೆಯ ನೀರು ಬಸಿಯುತ್ತಾ ಯೋಚನೆ ಮಾಡಿದಳು. “ಇಲ್ಲ ಕಣಪ್ಪ. ನಾನು ಕಂಡಂಗೆ ಇಲ್ಲ. ಅವ್ಳೂರಿನೋರು ಏನು ಉಣ್ತಾರೆ ಅಂತ ನಾವೂ ಕೇಳ್ಲಿಲ್ಲ.”

ಅಂದರೆ ನಾನು ಇಷ್ಟು ದಿನ ಅಮ್ಮನ ಅಡುಗೆ ಎಂದು ನೆನಪಿಟ್ಟುಕೊಂಡದ್ದೆಲ್ಲ ಅಜ್ಜಿಯ ಅಡುಗೆ. ಇಪ್ಪತ್ತು ವರ್ಷ ಅಮ್ಮ ಇನ್ನೊಬ್ಬರ ಮನೆಯ ರುಚಿಯನ್ನು ತಪ್ಪಿಲ್ಲದೆ ಮಾಡಿ ಬಡಿಸಿದಳು.

ಕಳಲೆ ಈಗ ನೀರಿನಲ್ಲಿದೆ. ರೆಕಾರ್ಡ್ ಬುಕ್ ತೆಗೆದೆ. ಓಮನ ನಿಯಮದ ಚಿತ್ರ ಬಿಡಿಸಿ ಮುಚ್ಚಿಟ್ಟೆ.

ಮಂಗಳವಾರ, 28 ಸೆಪ್ಟೆಂಬರ್

ಇವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ನಾನೇ ಕೇಳಿದೆ. ಧೈರ್ಯದಿಂದ ಅಲ್ಲ. ಬಾಯಿಗೆ ಬಂತು.

“ಅಜ್ಜಿ, ಎಲ್ಲಾರ ಎಲೆಗೂ ಮಾಂಸ ಇಲ್ದೆ ಇಟ್ರೆ? ಆಗ ಅಮ್ಮನ ಎಲೆ ಬೇರೆ ಆಗಲ್ವಲ್ಲ. ತಾತನ ಪಕ್ಕದಲ್ಲೇ ಇರತ್ತೆ.”

“ಅಯ್ಯೋ ಶಿವನೇ! ನಿಮ್ಮ ತಾತ ಎದ್ದು ಬಂದು ಒದೀತಾರೆ ನನ್ನ. ಬದುಕಿದ್ದಾಗ ಸೊಪ್ಪಿನ ಸಾರು ಮಾಡಿದ್ರೆ ‘ನನ್ನ ದನ ಅಂದ್ಕೊಂಡ್ಯೇನೇ’ ಅಂತಿದ್ರು.”

“ಬೇಡ,” ಅಂದರು ಅಪ್ಪ. “ಹಿರೇರಿಗೆಲ್ಲ ಯಾಕೆ ತಪ್ಸೋದು? ಅವ್ಳು ತಿಂತಿದ್ಲು. ನಾನು ಕಂಡಿದೀನಿ.”

ಅಜ್ಜಿ ತುತ್ತು ಕೆಳಗಿಟ್ಟಳು. ಅಪ್ಪನ ದನಿ ಬಂದ ಕಡೆಗೆ ಮುಖ ತಿರುಗಿಸಿ ಮಾತಾಡಿದಳು.

“ಕುಳ್ಳನ ಮನೆ ಊಟ ತಾನೇ ನೀನು ಕಂಡಿರೋದು? ಕಂಡೆ, ಎದೆ ಉಬ್ಬಿಸ್ಕೊಂಡು ಈಚೆ ಎದ್ದು ಹೋದೆ, ನನ್ ಹೆಂಡ್ತಿ ನಮ್ಮೋಳಾದ್ಲು ಅಂತ. ಆಮೇಲೆ ಹಿತ್ತಲಲ್ಲಿ ಹಲಸಿನ ಮರ ಹಿಡ್ಕಂಡು ಕರುಳು ಬಾಯಿಗೆ ಬರಂಗೆ ಕಾರ್ಕೊಂಡ್ಲು. ತಲೆ ಹಿಡ್ದಿದ್ದು ನಾನು. ‘ಅವ್ರಿಗೆ ಹೇಳ್ಬೇಡಿ ಅತ್ತೆ’ ಅಂದ್ಲು. ‘ನೀನು ಬೇಯ್ಸು, ತಿನ್ಬೇಡ ಕಣವ್ವ, ಯಾರು ಕೇಳಿದ್ರೂ ತಿಂದೆ ಅನ್ನು, ನಾನು ನೋಡ್ಕತೀನಿ’ ಅಂದೆ. ಅವತ್ತಿಂದ ಕೊನೇಗೆ ಉಣ್ಣೋಳು, ನನ್ ಜೊತೆ. ನೀವು ಗಂಡಸ್ರು ಅಷ್ಟೊತ್ತಿಗೆ ಗೊರಕೆ.”

“ಏನು ಉಣ್ತಿದ್ಲು?” ಅಂದೆ.

“ಉಳಿದ ಅನ್ನ, ಮಜ್ಜಿಗೆ. ಅದು ಇಷ್ಟ ಅಂತಲ್ಲ ಕಣೋ. ಇದ್ದದ್ದು ಅದು.”

ಅಪ್ಪ ಅರ್ಧ ಊಟದಲ್ಲಿ ಎದ್ದರು. ಕಣದ ಕಡೆ ಹೋದರು. ಕಣದಲ್ಲಿ ಈಗ ಏನೂ ಕೆಲಸವಿಲ್ಲ, ಕಾಫಿ ಇನ್ನೂ ಹಸಿರು. ಕಿಟಕಿಯಿಂದ ನೋಡಿದೆ. ಸುಮ್ಮನೆ ನಿಂತಿದ್ದರು, ನಡುವಿನಲ್ಲಿ. ಆಮೇಲೆ ಎಲ್ಲಿಂದಲೋ ಪೊರಕೆ ತಂದು ಖಾಲಿ ಕಣ ಗುಡಿಸತೊಡಗಿದರು. ಹೋಗಿ ಏನಾದರೂ ಹೇಳಬೇಕಿತ್ತು. ಅವರ ಎಲೆಯನ್ನು ಹಾಗೇ ಮುಚ್ಚಿಟ್ಟೆ.

ಸಂಜೆ ಕಾಫಿಗೆ ಒಳಗೆ ಬಂದವರು ಅಜ್ಜಿಯ ಪಕ್ಕ ಕೂತರು. ಲೋಟ ಕೆಳಗಿಟ್ಟು ಕೇಳಿದರು.

“ಅವ್ವ, ಅಪ್ಪಯ್ಯಂಗೆ ಬೀಡಿ ಇಕ್ಬೋದಲ್ಲ? ಬೀಡಿ ಮಾಂಸ ಅಲ್ವಲ್ಲ.”

“ಇಕ್ಕು. ಎರಡು ಕಟ್ಟು ಇಕ್ಕು. ಬೈಗುಳ ಕಮ್ಮಿ ಆಗ್ತದೆ.” ಅಜ್ಜಿ ಸೆರಗಿನಿಂದ ಮೂಗು ಒರೆಸಿಕೊಂಡಳು. “ಒಂದು ವರ್ಷ ಅವ್ರೆಲ್ಲ ಅವ್ಳದ್ದನ್ನ ಉಣ್ಲಿ. ಇಷ್ಟು ವರ್ಷ ಅವ್ಳು ಬೇಯ್ಸಿ ಹಾಕಿಲ್ವಾ ಅವ್ರಿಗೆ?”

“ಕುಳ್ಳಣ್ಣಂಗೆ ನಾನು ಹೇಳ್ತೀನಿ,” ಅಂದರು ಅಪ್ಪ.

ಅದು ಮುಗಿಯಿತು. ಆದರೆ ಅವಳದ್ದು ಅಂದರೆ ಏನು? ಅಜ್ಜಿಗೆ ಗೊತ್ತಿಲ್ಲ. ಅಪ್ಪನಿಗೆ ಗೊತ್ತಿಲ್ಲ. ನನಗೆ ಗೊತ್ತಿಲ್ಲ. ಮಜ್ಜಿಗೆ ಅನ್ನ ಇಡಲಾರೆ.

ಗುರುವಾರ, 30 ಸೆಪ್ಟೆಂಬರ್

ಅಮ್ಮನಿಗೆ ಒಬ್ಬಳು ತಂಗಿ ಇದ್ದಾಳೆ, ದ್ರಾಕ್ಷಾಯಣಿ. ಜುಲೈನಲ್ಲಿ ಅಮ್ಮನ ಮಣ್ಣಿಗೆ ಆ ಕಡೆಯಿಂದ ಬಂದವಳು ಅವಳೊಬ್ಬಳೇ. ಬೇಲಿಯ ಆಚೆಯೇ ನಿಂತಿದ್ದಳು, ಒಳಗೆ ಬಾ ಎಂದು ಯಾರೂ ಕರೆಯಲಿಲ್ಲ. ಹೋಗುವಾಗ ನನ್ನ ಗಲ್ಲ ಹಿಡಿದು, “ನೀನೇನಾ ಯೋಗಿ? ನಮ್ಮಕ್ಕಂದೇ ಮೂಗು,” ಅಂದಳು. ಆಗ ನನಗೆ ಏನೂ ಅನ್ನಿಸಿರಲಿಲ್ಲ. ಈಗ ಕನ್ನಡಿಯಲ್ಲಿ ಎರಡು ಸಲ ನೋಡಿಕೊಂಡೆ.

ಬೆಳಿಗ್ಗೆ ಅಪ್ಪನಿಗೆ, “ಆಲೂರಿನ ಚಿಕ್ಕಮ್ಮನಿಗೆ ಕಾಗದ ಬರೀತೀನಿ,” ಅಂದೆ. ಬೇಡ ಅನ್ನುತ್ತಾರೆ ಎಂದುಕೊಂಡಿದ್ದೆ. ಅಪ್ಪ ಗಂಬೂಟು ಹಾಕಿಕೊಳ್ಳುತ್ತಿದ್ದರು, ತಲೆ ಎತ್ತಲಿಲ್ಲ.

“ಬರೀ ಅವ್ಳ ಹೆಸ್ರಿಗೆ ಹಾಕ್ಬೇಡ, ಸಿಗಲ್ಲ. ಪೇಟೆ ಬೀದಿ, ನಂಜುಂಡಯ್ಯನವರ ಜವಳಿ ಅಂಗಡಿ ಅಂತ ಬರಿ, ನಿಮ್ಮಮ್ಮನ ತವರಿನ ಅಂಗಡಿ ಅದು. ನಾಳೆ ಯಸಳೂರಿಗೆ ಹೋಗ್ತೀನಿ, ಪೋಸ್ಟಿಗೆ ನಾನೇ ಹಾಕ್ತೀನಿ.” ಹೊಸಲು ದಾಟಿದವರು ಮತ್ತೆ ತಿರುಗಿದರು. “ಬರ್ತೀನಿ ಅಂದ್ರೆ ಸಕಲೇಶಪುರ ಬಸ್ ಸ್ಟ್ಯಾಂಡಿಗೆ ಜೀಪು ತರ್ತೀನಿ ಅಂತಾನೂ ಬರಿ. ಅವ್ಳು ಬರಲ್ಲ. ಆದ್ರೂ ಬರಿ.”

ಏಳನೇ ತಾರೀಕಿನಿಂದ ಕ್ಲಾಸು ಎಂದು ಪೇಪರಿನಲ್ಲಿ ಬಂದಿದೆ. ಅಮಾವಾಸ್ಯೆ ಮುಗಿಸಿ ಹೋಗುತ್ತೇನೆ.

ಕಾಗದವನ್ನು ಮೂರು ಸಲ ಬರೆದು ಹರಿದೆ. ಕೊನೆಯದು ಇದು, ಹಾಗೇ ಇಳಿಸಿಕೊಳ್ಳುತ್ತೇನೆ:

ಚಿಕ್ಕಮ್ಮನಿಗೆ ನಮಸ್ಕಾರಗಳು.

ನಾನು ವನಗೂರಿನ ಸರ್ವಮಂಗಳಾ ಅವರ ಮಗ ಯೋಗಾನಂದ. ಮಹಾಲಯ ಅಮಾವಾಸ್ಯೆಗೆ ಅಮ್ಮನಿಗೆ ಎಡೆ ಇಡುತ್ತಿದ್ದೇವೆ. ನಮ್ಮ ಮನೆಯ ಹಿರಿಯರ ಸಾಲಿನಲ್ಲೇ, ತಾತನ ಪಕ್ಕದಲ್ಲಿ. ಈ ವರ್ಷ ಯಾರ ಎಲೆಗೂ ಮಾಂಸ ಬಡಿಸುವುದಿಲ್ಲ. ಅಡುಗೆ ನಾನೇ ಮಾಡುತ್ತೇನೆ.

ನಮಗೆ ಇಷ್ಟವಾದದ್ದನ್ನೆಲ್ಲ ಅಮ್ಮ ಮಾಡಿದಳು. ಅವಳಿಗೆ ಇಷ್ಟವಾದದ್ದು ಯಾವುದು ಎಂದು ಇಲ್ಲಿ ಯಾರಿಗೂ ಗೊತ್ತಿಲ್ಲ. ನಿಮ್ಮ ಮನೆಯಲ್ಲಿ ಹುಡುಗಿಯಾಗಿದ್ದಾಗ ಅವಳು ಏನನ್ನು ಕೇಳಿ ಕೇಳಿ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದಳು? ದೊಡ್ಡ ಅಡುಗೆಯೇ ಆಗಬೇಕೆಂದಿಲ್ಲ, ಗಂಜಿಯಾದರೂ ಆಗುತ್ತದೆ. ಹೇಗೆ ಮಾಡುವುದು, ಯಾವುದನ್ನು ಮೊದಲು ಹಾಕುವುದು ಎಂದು ಬಿಡಿಸಿ ಬರೆಯಿರಿ. ನನಗೆ ನಿಮ್ಮ ಕಡೆಯ ಅಡುಗೆ ಏನೂ ಗೊತ್ತಿಲ್ಲ. ಒಂದೆರಡು ಸಲ ಮಾಡಿ ಕಲಿಯಲು ಸಮಯ ಬೇಕು.

ನೀವೇ ಬರುವುದಾದರೆ ಸಕಲೇಶಪುರದ ಬಸ್ ಸ್ಟ್ಯಾಂಡಿಗೆ ಅಪ್ಪ ಜೀಪು ತರುತ್ತಾರೆ. ಅವರೇ ಹೇಳಿ ಬರೆಸಿದ್ದು. ಈ ಸಲ ಬೇಲಿಯ ಹತ್ತಿರ ನಾನು ನಿಂತಿರುತ್ತೇನೆ.

ಅಮಾವಾಸ್ಯೆ ಒಂಬತ್ತನೇ ತಾರೀಕು, ಶನಿವಾರ. ದಯವಿಟ್ಟು ಬೇಗ ಉತ್ತರ ಬರೆಯಿರಿ.